ಕೆಂಪಾಜಮ್ಮ ಬಿಚ್ಚದ ಗಂಟು

ಬಿದರಕೊಪ್ಪಲಿನ ಕೆಂಪಾಜಮ್ಮನ ಕೈಗುಣ ಎಲ್ಲರಿಗೂ ಬೇಕಿತ್ತು, ಆ ಕೈ ಮಾತ್ರ ಯಾರಿಗೂ ಬೇಕಿರಲಿಲ್ಲ. ಅಂತರಸಂತೆಯಿಂದ ಕಾಡಿನ ಕಡೆ ಹೋಗುವ ಗಾಡಿದಾರಿಯಲ್ಲಿ ಅವಳ ಊರು. ದಿಮ್ಮಿ ಎಳೆದು ಸೊಂಟ ಹಿಡಿದವರು, ಮೂಟೆ ಹೊತ್ತು ಕತ್ತು ತಿರುಗಿಸಲಾರದವರು, ಸೌದೆ ಹೊರೆ ಇಳಿಸುವಾಗ ಬೆನ್ನು ಉಳುಕಿಸಿಕೊಂಡ ಹೆಂಗಸರು, ಎಲ್ಲರೂ ಕೊನೆಗೆ ಅವಳ ಜಗುಲಿಗೇ ಬರಬೇಕು. ಬಂದವರು ಕೂರುವುದಕ್ಕೆ ಮೊದಲು ಮಾತ್ರ ತಪ್ಪದೆ ಒಂದು ಮಾತು ಕೇಳುತ್ತಿದ್ದರು.

"ಇವತ್ತು ಯಾರ್ನೂ ಕೂರ್ಸಿಲ್ಲ ತಾನೆ ಕೆಂಪಾಜವ್ವ?"

ಕೆಂಪಾಜಮ್ಮನ ಕುಲದಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಮೀಯಿಸಿ, ವಿಭೂತಿ ಬಳಿದು, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಎಡ ಅಂಗೈಯಲ್ಲಿ ಲಿಂಗ ಇಡುತ್ತಾರೆ. ಕೂತಂತೆಯೇ ಮೆರವಣಿಗೆ, ಕೂತಂತೆಯೇ ಮಣ್ಣು. ಪ್ರಾಣ ಹೋದ ಕೂಡಲೇ ಕೂರಿಸಿದರೆ ಏನೂ ಕಷ್ಟವಿಲ್ಲ. ಆದರೆ ಸಾವು ಮನೆಯವರ ಅನುಕೂಲ ಕೇಳಿಕೊಂಡು ಬರುತ್ತದೆಯೇ? ಹೊಲದಲ್ಲಿ ಬಿದ್ದವನು ಸಂಜೆಗೆ ಸಿಗುತ್ತಾನೆ, ಹಾಸಿಗೆಯಲ್ಲಿ ಹೋದ ಮುದುಕಿ ಬೆಳಗಾದ ಮೇಲೆ ಗೊತ್ತಾಗುತ್ತಾಳೆ. ಅಷ್ಟರಲ್ಲಿ ಮೈ ಸೆಟೆದು ಕೊರಡಾಗಿರುತ್ತದೆ. ಆಗ ಬಿಸಿ ಎಣ್ಣೆ ಹಚ್ಚಿ, ನೀವಿ, ಕೀಲು ಸಡಿಲಿಸಿ, ಮಡಿಸಿ ಕೂರಿಸುವ ಕೆಲಸ ಕೆಂಪಾಜಮ್ಮನದು. ಅದನ್ನು ಮಾಡಿದ ದಿನ ಅವಳು ಸೀಗೆಯಲ್ಲಿ ಕೈ ತೊಳೆದು, ಹಿತ್ತಲಿನ ಲಕ್ಕಿ ಗಿಡಕ್ಕೆ ಎರಡೂ ಅಂಗೈ ಒರೆಸಿ ಸುಮ್ಮನೆ ಕೂರಬೇಕು. ಮಾರನೆಯ ಸೂರ್ಯ ಹುಟ್ಟುವವರೆಗೆ ಬದುಕಿದವರ ಮೈ ಮುಟ್ಟುವ ಹಾಗಿಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಅತ್ತೆ ಚಿಕ್ಕಬಸಮ್ಮನಿಂದ. ದೊಡ್ಡ ಜ್ವರ ಬಂದು ಮನೆಮನೆಯಲ್ಲೂ ಹೆಣ ಬಿದ್ದ ವರ್ಷ ಅದು. ಅತ್ತೆಯೊಬ್ಬಳ ಕೈಯಲ್ಲಿ ಸಾಗದೆ ಹೊಸ ಸೊಸೆಯನ್ನೂ ಕರೆದುಕೊಂಡು ಹೋಗಿದ್ದಳು. ಚಿಕ್ಕಬಸಮ್ಮ ಮಾತಿನಲ್ಲಿ ಜಿಪುಣಿ. ಆವತ್ತು ಮಾತ್ರ ಸೊಸೆಯ ಹೆಬ್ಬೆರಳು ಹಿಡಿದು ಸತ್ತವನ ಬೆನ್ನಿನ ಮೇಲೆ ಒತ್ತಿಸಿ ಹೇಳಿದ್ದಳು.

"ಸತ್ತೋರ ಬಿಗಿ ಮೈಯೆಲ್ಲಾ ಒಂದೇ ಸಮ ಇರ್ತದೆ ಕಣೆ. ಬದುಕಿರೋರ ಗಂಟು ಅಂಗಲ್ಲ. ಒಂದು ಕಡೆ ಕೂತ್ಕೊಂಡು ಇನ್ನೊಂದು ಕಡೆ ಅಳ್ತದೆ. ಮೀಟಿದ್ರೆ ಮಿಸುಕ್ತದೆ. ಇದನ್ನ ಮರೀಬ್ಯಾಡ."

ಕೆಂಪಾಜಮ್ಮ ಮರೆಯಲಿಲ್ಲ. ತೋಳು ನೋಯುತ್ತದೆ ಎಂದು ಬಂದವನ ತೋಳನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಹೆಗಲ ಹಿಂದಿನ ಅಗಲ ಮೂಳೆಯ ಅಂಚಿನಲ್ಲಿ ಬೆರಳಾಡಿಸಿ, ಮಾಂಸದೊಳಗೆ ಹುರಿಯಂತೆ ಬಿಗಿದ ಎಳೆಯೊಂದನ್ನು ಹುಡುಕುತ್ತಿದ್ದಳು. ಆ ಎಳೆಯ ಮೇಲೆ ಹುರುಳಿಕಾಳಿನಷ್ಟು ಗಂಟು ಸಿಗುತ್ತಿತ್ತು. ಅಲ್ಲಿ ಅದುಮಿದರೆ ಬಂದವನು ತೋಳು ಹಿಡಿದುಕೊಂಡು "ಅಯ್ಯಪ್ಪಾ, ಅದೇ!" ಎಂದು ಕೂಗುತ್ತಿದ್ದ. ಎಳೆಯನ್ನು ಅಡ್ಡಕ್ಕೆ ಮೀಟಿದರೆ ಚರ್ಮದ ಕೆಳಗೆ ಛಕ್ಕನೆ ಮಿಸುಕುತ್ತಿತ್ತು, ನೀರಿನಿಂದ ಎತ್ತಿದ ಸಣ್ಣ ಮೀನಿನ ಹಾಗೆ. ಸಿಕ್ಕಿದ ಗಂಟನ್ನು ಗುದ್ದಿ ಗುದ್ದಿ ಬಿಡಿಸುತ್ತೇನೆ ಅನ್ನುವವರು ಶುದ್ಧ ದಡ್ಡರು. ಅವಳು ಮೊದಲು ಲಕ್ಕಿ ಸೊಪ್ಪಿನ ಶಾಖ ಕೊಡುತ್ತಿದ್ದಳು, ಆಮೇಲೆ ಬೆಚ್ಚನೆಯ ಹರಳೆಣ್ಣೆ ಹಚ್ಚುತ್ತಿದ್ದಳು. ಹೆಬ್ಬೆರಳನ್ನು ಗಂಟಿನ ಮೇಲಿಟ್ಟು ಸುಮ್ಮನೆ ಕಾಯುತ್ತಿದ್ದಳು. ಉಸಿರು ಹೊರಗೆ ಹೋದಾಗ ಸ್ವಲ್ಪ ಒತ್ತುವುದು, ಒಳಗೆ ಬಂದಾಗ ಹಾಗೇ ನಿಲ್ಲುವುದು. ಬಹಳ ಹೊತ್ತಿನ ಮೇಲೆ ಗಂಟು ತಾನಾಗಿ ಕರಗುತ್ತಿತ್ತು. ಮುಟ್ಟಿದ ಗಂಟನ್ನು ಬಿಚ್ಚದೆ ಏಳಬಾರದು ಅನ್ನುವುದು ಅತ್ತೆಯ ಕಟ್ಟುನಿಟ್ಟು. ಆ ಮಾತನ್ನು ಕೆಂಪಾಜಮ್ಮ ಮೀರಿದ್ದು ಒಬ್ಬ ಮಹದೇವಪ್ಪನ ವಿಷಯದಲ್ಲಿ ಮಾತ್ರ.

ಮಹದೇವಪ್ಪ ಅದೇ ಕುಲದವನೇ, ಆದರೆ ಊರ ಮುಂದಿನ ಗದ್ದೆ, ಕಾಡಂಚಿನ ಹೊಲ ಎಲ್ಲ ಇದ್ದ ಕುಳ. ಒಂದು ಮಳೆಗಾಲ ಕೆಸರಿನಲ್ಲಿ ಹೂತ ಗಾಡಿಯ ಚಕ್ರಕ್ಕೆ ಹೆಗಲು ಕೊಟ್ಟವನು ಎಡ ಬೆನ್ನಿನಲ್ಲಿ ಗಂಟು ಮಾಡಿಕೊಂಡ. ರುಮಾಲು ಸುತ್ತಲು ಕೈ ಮೇಲೇಳದು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಹೆಂಡತಿ ಸಾಕಮ್ಮ ಕೆಂಪಾಜಮ್ಮನ ಹತ್ತಿರ ಹೋಗಿ ಎಂದು ಗೋಗರೆದಳು.

"ನಮ್ಮಪ್ಪನ್ನ ಮಡ್ಸಿ ಕೂರ್ಸಿದ ಕೈ ಅದು," ಎಂದ ಮಹದೇವಪ್ಪ. "ಮಂಡಿ ಲಟಕ್ ಅಂದಿದ್ದು ಇನ್ನೂ ಕಿವೀಲದೆ. ಆ ಕೈನ ನನ್ ಬೆನ್ ಮ್ಯಾಲೆ ಇಡ್ಸ್ಕಳಾ? ಸತ್ರೂ ಆಗಕಿಲ್ಲ."

ಹೀಗೆಂದವನು ಕೋಟೆಯ ಪೇಟೆಯಿಂದ ಅಫೀಮು ತಂದ. ನೋವು ಹೆಚ್ಚಾದ ಹಾಗೆ ಗುಳಿಗೆಯೂ ದಪ್ಪವಾಯಿತು. ಮಾಗಿಯ ಚಳಿಯ ಒಂದು ಬೆಳಗ್ಗೆ ಸಾಕಮ್ಮ ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು. ಮೂಗಿನ ಹತ್ತಿರ ಹತ್ತಿಯ ಎಳೆ ಹಿಡಿದರು, ಅಲುಗಲಿಲ್ಲ. ಮನೆ ಗೋಳೋ ಎಂದಿತು. ಮಗ ಬಸವರಾಜು ಗುಂಡಿ ತೋಡಲು ಆಳು ಕಳಿಸಿದ. ಮೀಯಿಸಿ, ವಿಭೂತಿ ಬಳಿದು, ಹಾರ ಹಾಕಿ ನಡುಮನೆಯ ಗೋಡೆಗೆ ಕೂರಿಸಿದ್ದೂ ಆಯಿತು. ಎಡಗೈ ಮಾತ್ರ ಎದೆಗೆ ಬಿಗಿದುಕೊಂಡಿತ್ತು. ಲಿಂಗ ಇಡಲು ಅಂಗೈ ಈಚೆಗೆ ಬರಲೊಲ್ಲದು. ಅದಕ್ಕೇ ಕೆಂಪಾಜಮ್ಮನಿಗೆ ಹೇಳಿಕಳಿಸಿದರು.

ಅವಳು ಎಣ್ಣೆ ಬಟ್ಟಲು ಹಿಡಿದು ಒಳಗೆ ಬಂದು ಒಂದು ಗಳಿಗೆ ನಿಂತೇ ನೋಡಿದಳು. ಕಾಲು ಸಲೀಸಾಗಿ ಮಡಿಸಿತ್ತು. ಕತ್ತು ಸಡಿಲವಾಗಿ ಪಕ್ಕಕ್ಕೆ ವಾಲಿತ್ತು. ಒಂದು ಕೈ ಮಾತ್ರ ಬಿಗಿ. ಸತ್ತವರ ಬಿಗಿ ಮೈಯೆಲ್ಲಾ ಒಂದೇ ಸಮ ಎಂದ ಅತ್ತೆಯ ಮಾತು ನೆನಪಾಯಿತು. ಗೋಡೆಗೂ ಅವನ ಬೆನ್ನಿಗೂ ನಡುವೆ ಕೈ ತೂರಿಸಿದಳು. ಗಂಟು ಸಿಕ್ಕಿತು. ಮೀಟಿದಳು.

ಅದು ಮಿಸುಕಿತು.

ಕೆಂಪಾಜಮ್ಮ ಕಿರುಚಲಿಲ್ಲ. ಇನ್ನೊಂದು ಸಲ ಮೀಟಿ ನೋಡಿದಳು. ಆಮೇಲೆ ತಿರುಗಿ, "ಗುಂಡಿ ತೋಡೋದ ನಿಲ್ಸಿ ಬಸವರಾಜಪ್ಪ, ನಿಮ್ಮಪ್ಪ ಇನ್ನೂ ಹೋಗಿಲ್ಲ," ಎಂದಳು.

ಸಂತೋಷಪಡಬೇಕಾದ ಮಾತು, ಆದರೆ ಒಬ್ಬರ ಮುಖದಲ್ಲೂ ಸಂತೋಷ ಕಾಣಲಿಲ್ಲ. ವಿಧಿ ಮಾಡಿಸುತ್ತಿದ್ದ ಮಠದ ಅಯ್ಯನವರು ಎದ್ದು ಹೊಸ್ತಿಲಾಚೆ ಹೋದರು. ಹೆಣದೊಳಕ್ಕೆ ಏನೋ ಹೊಕ್ಕಿದೆ, ಬೇಗ ಮಣ್ಣು ಮಾಡಿ ಎಂದು ಹಿಂದಿನಿಂದ ಯಾರೋ ಅಂದರು. ಕೆಂಪಾಜಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾರ ಕಿತ್ತೆಸೆದಳು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕೈಕಾಲಿಗೆ ಶಾಖ ಕೊಟ್ಟಳು, ಅಂಗಾಲು ತಿಕ್ಕಿದಳು, ಕೊಡಗಿನ ಕಾಫಿಬೀಜದ ಕಡು ಕಷಾಯ ಕಾಸಿಸಿ ತುಟಿಗೆ ತೊಟ್ಟು ತೊಟ್ಟಾಗಿ ಬಿಟ್ಟಳು. ಬಿಸಿಲು ಇಳಿಯುವ ಹೊತ್ತಿಗೆ ಮಹದೇವಪ್ಪ ಕಾರಿಕೊಂಡು ಕಣ್ಣುಬಿಟ್ಟ. ರೆಪ್ಪೆಯ ಮೇಲಿನ ವಿಭೂತಿ ಕಣ್ಣೊಳಗೆ ಉದುರಿತು.

ಅಷ್ಟು ಹೊತ್ತಿಗೆ ಗುಂಡಿ ಮುಗಿದುಹೋಗಿತ್ತು. ತೋಡಿದ ಗುಂಡಿಯನ್ನು ಬರಿದಾಗಿ ಮುಚ್ಚಿದರೆ ಅದು ಮನೆಯಿಂದ ಇನ್ನೊಬ್ಬರನ್ನು ಕೇಳುತ್ತದೆ ಅನ್ನುವುದು ಆ ಕಡೆಯ ನಂಬಿಕೆ. ಆಳೆತ್ತರದ ಬಾಳೆದಿಂಡು ಕಡಿದು, ಮಹದೇವಪ್ಪನ ಪಂಚೆ ಉಡಿಸಿ, ಅವನದೇ ರುಮಾಲು ಸುತ್ತಿ, ಅವನ ಹೆಸರು ಹಿಡಿದು ಕೂಗಿ ಒಳಗೆ ಕೂರಿಸಿ ಮಣ್ಣೆಳೆದರು. ಶಂಖ ಜಾಗಟೆ ಸುಮ್ಮನಾದದ್ದನ್ನು ಜಗುಲಿಯಲ್ಲಿ ಮಲಗಿದ್ದ ಮಹದೇವಪ್ಪ ಕೇಳಿಸಿಕೊಂಡ.

"ಯಾರು ಹೋದ್ರು?" ಎಂದ.

ಸಾಕಮ್ಮ ಎದ್ದು ಒಳಗೆ ಹೋದಳು.

ಆಮೇಲೆ ಆ ಮನೆ ಮನೆಯಾಗಿ ಉಳಿಯಲಿಲ್ಲ. ಊಟಕ್ಕೆ ಕೊರತೆಯಿಲ್ಲ, ಆದರೆ ತಟ್ಟೆಯನ್ನು ದೂರದಿಂದ ಸರಿಸುತ್ತಿದ್ದರು. ಕೂಸುಗಳನ್ನು ಅವನ ತೊಡೆಯ ಮೇಲೆ ಬಿಡುತ್ತಿರಲಿಲ್ಲ. ಸಾಕಮ್ಮನ ಬಳೆಗಳನ್ನು ಆವತ್ತೇ ತೆಗೆಸಿದ್ದರು. ಅವನ್ನು ಮತ್ತೆ ತೊಡಿಸುವ ಶಾಸ್ತ್ರ ಯಾರಿಗೂ ಗೊತ್ತಿರಲಿಲ್ಲ. ಬಳೆಗಾರ ಬಂದರೂ ಆ ಬಾಗಿಲು ದಾಟಿಕೊಂಡು ಹೋಗುತ್ತಿದ್ದ. ಅವಳು ಹಾಸಿಗೆಯನ್ನು ಅಡುಗೆಮನೆಗೆ ಸಾಗಿಸಿದಳು. ಗಂಡನ ಮೇಲೆ ಪ್ರೀತಿಯಿಲ್ಲದೆ ಅಲ್ಲ, ಪಾಪ. ಕೈ ಮುಂದೆ ಹೋಗುತ್ತಿರಲಿಲ್ಲ, ಅಷ್ಟೆ.

ಒಂದು ಸೋಮವಾರ ಮಹದೇವಪ್ಪ ಕೆಂಪಾಜಮ್ಮನ ಜಗುಲಿಗೆ ಬಂದ. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ನೇಗಿಲು ಕಟ್ಟುವುದಿಲ್ಲ, ಊರಿಗೆಲ್ಲ ಬಿಡುವು. ಇವತ್ತು ಯಾರನ್ನು ಕೂರಿಸಿದ್ದೀಯೆ ಎಂದು ಅವನು ಕೇಳಲಿಲ್ಲ. ಅಂಗಿ ಕಳಚಿ ಬೆನ್ನು ಮಾಡಿ ಕೂತ.

"ನೋಡವ್ವ, ನಾನು ಇಲ್ಲಿವ್ನೋ ಅಲ್ಲಿವ್ನೋ."

ಕೆಂಪಾಜಮ್ಮ ಮೀಟಿದಳು. ಮಿಸುಕಿತು. "ಇಲ್ಲೇ ಇದ್ದೀರಿ ಯಜಮಾನ್ರೆ," ಎಂದಳು. "ತಡೀರಿ, ಎಣ್ಣೆ ಬಿಸಿ ಮಾಡ್ಕಂಡ್ ಬತ್ತೀನಿ. ಇದನ್ನ ಬಿಚ್ಚಿ ಬುಡ್ತೀನಿ, ಕೈ ಹಗೂರಾಯ್ತದೆ."

"ಬ್ಯಾಡ!" ಎಂದು ಅವನು ತಟ್ಟನೆ ಮುಂದೆ ಸರಿದ. "ಮುಟ್ಬ್ಯಾಡ ಅದನ್ನ. ನನ್ ಪರ ಸಾಕ್ಷಿ ಹೇಳೋದು ಅದೊಂದೇ."

"ನೋವು?"

"ನೋವದೆ ಅಂದ್ರೆ ನಾನಿವ್ನಿ." ಅವನು ತಗ್ಗಿದ ದನಿಯಲ್ಲಿ ಹೇಳಿದ: "ಆವತ್ತು ನನಗೆಲ್ಲಾ ಕೇಳ್ತಿತ್ತು ಕಣವ್ವ. ಸಾಕಮ್ಮ ಅಳ್ತಿದ್ದು, ಅಯ್ನೋರ ಮಂತ್ರ, 'ಗುಂಡಿಗೆ ಇನ್ನೊಂದು ಆಳು ಕಳ್ಸಿ' ಅಂತ ನನ್ ಮಗ ಅಂದಿದ್ದು. ಕೂಗ್ತಾನೇ ಇದ್ದೆ. ತುಟಿ ಅಳ್ಳಾಡ್ಲಿಲ್ಲ. ಇನ್ನೊಂದ್ ಸಲ ಅಂಗಾದ್ರೆ? ನಾನು ಹೋದೆ ಅಂತ ಯಾರಾರ ಅಂದ್ರೆ ನೀನೇ ಬಂದು ನೋಡ್ಬೇಕು. ಇದು ಮಿಸುಕ್ದೆ ಹೋದ್ರೆ ಮಾತ್ರ ಕಳ್ಸು. ಮಾತು ಕೊಡು."

ಅವಳು ಎಣ್ಣೆ ಬಟ್ಟಲಿನ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಅಂದಿನಿಂದ ಪ್ರತಿ ಸೋಮವಾರ ಅವನು ಬಂದು ಬೆನ್ನು ಮಾಡಿ ಕೂರುವುದು, ಅವಳು ಮೀಟುವುದು, "ಇದ್ದೀರಿ" ಅನ್ನುವುದು, ಅವನು ಅಂಗಿ ತೊಟ್ಟು ಹೋಗುವುದು. ಒಮ್ಮೊಮ್ಮೆ ನೋವಿನಿಂದ ಅವನ ಮುಖ ಕಪ್ಪಿಟ್ಟಿರುತ್ತಿತ್ತು. ಬಿಚ್ಚಲು ಬರುವ ಕೈ ಬಿಚ್ಚದೆ ಸುಮ್ಮನಿರುವುದು ಎಂಥ ಸಂಕಟ ಅನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು. ಊರಿನವರು ಅವನು ಆ ಕಡೆಗೆ ಹೋಗುವುದನ್ನು ನೋಡಿ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು.

ವರ್ಷಗಳು ಹೋದವು. ಎಲ್ಲೋ ಯುದ್ಧವಂತೆ, ಇಲ್ಲಿ ಸೀಮೆಎಣ್ಣೆಗೆ ಬರ. ಕೆಂಪಾಜಮ್ಮನ ಕೂದಲು ಪೂರಾ ಬೆಳ್ಳಗಾಯಿತು. ಒಂದು ದಿನ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವಾಗ ಕಲ್ಲು ಬೆರಳಿಗೆ ಸಿಗದೆ ಜಾರಿತು. ಚಳಿ ಅಂದುಕೊಂಡಳು. ಬೇಸಿಗೆಯಲ್ಲೂ ಜಾರಿತು. ಕಣ್ಣು ಮಂಜು ಅಂದುಕೊಂಡಳು. ವಯಸ್ಸಾದವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನಗಳೇನು ಕಡಿಮೆಯೇ! ಸೋಮವಾರ ಮಾತ್ರ ಹೆಬ್ಬೆರಳ ಕೆಳಗೆ ಮಿಸುಕುವುದು ಮೊದಲಿಗಿಂತ ಚೆನ್ನಾಗಿಯೇ ತಿಳಿಯುತ್ತಿತ್ತು. "ಇದ್ದೀರಿ ಯಜಮಾನ್ರೆ," ಎಂದು ಧೈರ್ಯವಾಗಿ ಹೇಳುತ್ತಿದ್ದಳು.

ಹೀಗಿರುವಾಗ ಒಂದು ಸೋಮವಾರ ಮಹದೇವಪ್ಪ ಬರಲಿಲ್ಲ. ಹೊತ್ತು ನೆತ್ತಿಗೆ ಬಂದ ಮೇಲೆ ಬಸವರಾಜು ಬಂದು ಅಂಗಳದಲ್ಲೇ ನಿಂತ.

"ಅಪ್ಪ ಬೆಳಿಗ್ಗೆ ಏಳ್ಲಿಲ್ಲ ಕಣವ್ವ. ಗುಂಡಿ ಇನ್ನೂ ತೋಡ್ಸಿಲ್ಲ. ನೀನು ಬಂದು ಹೇಳೋಗಂಟ ಬ್ಯಾಡ ಅಂದ್ಲು ನಮ್ಮವ್ವ."

ನಡುಮನೆಯಲ್ಲಿ ಅವನನ್ನು ಬಲ ಮಗ್ಗುಲಿಗೆ ಮಲಗಿಸಿದ್ದರು. ಎಲ್ಲರೂ ಗೋಡೆಗೆ ಅಂಟಿ ನಿಂತಿದ್ದರು, ಯಾರೂ ಅಳುತ್ತಿರಲಿಲ್ಲ. ಒಂದು ಸಲ ಅತ್ತು ಪಟ್ಟ ಪಾಡು ಅವರಿಗೆ ನೆನಪಿತ್ತು. ಕೆಂಪಾಜಮ್ಮ ಪಕ್ಕದಲ್ಲಿ ಕೂತು ದವಡೆ ಮುಟ್ಟಿದಳು, ಗಟ್ಟಿ. ಕತ್ತು ಗಟ್ಟಿ. ಮಂಡಿ ಗಟ್ಟಿ. ಎಲ್ಲ ಒಂದೇ ಸಮವಾಗುತ್ತ ಬಂದಿತ್ತು. ಸಾಕಿತ್ತು, ಅಷ್ಟಕ್ಕೇ ಎದ್ದು ಹೇಳಿಬಿಡಬಹುದಿತ್ತು. ಆದರೆ ಮಾತು ಕೊಟ್ಟಿದ್ದಳಲ್ಲ. ಬೆನ್ನಿನ ಮೇಲೆ ಕೈಯಾಡಿಸಿ, ತನಗೆ ಕಣ್ಣು ಮುಚ್ಚಿದರೂ ಸಿಗುವ ಆ ಜಾಗದಲ್ಲಿ ಹೆಬ್ಬೆರಳಿಟ್ಟು ಮೀಟಿದಳು.

ಮಿಸುಕಿತು.

ಮೈಯೆಲ್ಲ ಕೊರಡು, ಗಂಟೊಂದು ಮಿಸುಕುತ್ತಿದೆ. ಇಂಥದ್ದನ್ನು ಅತ್ತೆ ಹೇಳಿರಲಿಲ್ಲ. ಮತ್ತೆ ಮೀಟಿದಳು. ಮತ್ತೆ ಮಿಸುಕಿತು. ಹೇಳಲು ತಲೆಯೆತ್ತಿದವಳು, ಆಯ ತಪ್ಪಿ ಪಕ್ಕದ ಮಣ್ಣುಗೋಡೆಗೆ ಕೈ ಊರಿದಳು. ಗೋಡೆಯೂ ಮಿಸುಕಿತು.

ಗೋಡೆಯಿಂದ ಕೈ ತೆಗೆದು ತನ್ನ ಮೊಣಕಾಲಿನ ಮೇಲಿಟ್ಟಳು. ಅಲ್ಲಿಯೂ ಮಿಸುಕಿತು. ಹೆಬ್ಬೆರಳನ್ನು ಕಣ್ಣ ಹತ್ತಿರ ತಂದು ನೋಡಿದಳು. ಅದು ತನ್ನಷ್ಟಕ್ಕೆ ತಾನು ಅದುರುತ್ತಿತ್ತು. ಆಗ ಕೆಂಪಾಜಮ್ಮನಿಗೆ ಹೋದ ಸೋಮವಾರ ನೆನಪಾಯಿತು, ಅದರ ಹಿಂದಿನದು ನೆನಪಾಯಿತು. ಎಷ್ಟು ದಿನದಿಂದ ತಾನು ತನ್ನ ಬೆರಳನ್ನೇ ಮುಟ್ಟಿಕೊಂಡು ಈ ಮನುಷ್ಯನಿಗೆ ನೀನು ಬದುಕಿದ್ದೀಯೆ ಎಂದು ಹೇಳುತ್ತಿದ್ದೆ? ಆ ಗಂಟು ನಿಂತದ್ದು ಇವತ್ತೋ, ಹೋದ ವರ್ಷವೋ? ಬೆನ್ನು ಮಾಡಿ ಕೂತು ಹೋಗುತ್ತಿದ್ದವನ ಮುಖವನ್ನು ತಾನು ಯಾವತ್ತು ಸರಿಯಾಗಿ ನೋಡಿದ್ದೆ? ಅವಳಿಗೆ ಆ ಮನೆಯಿಂದ ಎದ್ದು ಓಡಬೇಕೆನಿಸಿತು.

"ಯಾಕವ್ವ, ಏನಂತದೆ?" ಎಂದಳು ಸಾಕಮ್ಮ ಅಡುಗೆಮನೆಯ ಬಾಗಿಲಿನಿಂದ.

"ಇಲ್ಲಿ ಬನ್ನಿ ಸಾಕಮ್ಮಾರೆ. ನನ್ ಬೆರಳು ಸುಳ್ ಹೇಳ್ತಾ ಅದೆ. ನೀವು ನೋಡ್ಬೇಕು."

"ನಾನಾ? ನನಗೇನ್ ಗೊತ್ತಾದದು? ನಾ ಒಲ್ಲೆ."

ಸಾಕಮ್ಮ ಹಿಂದೆ ಸರಿದಳು. ಕೆಂಪಾಜಮ್ಮ ಎದ್ದು ಹೋಗಿ ಅವಳ ಬರಿಗೈ ಹಿಡಿದು ಎಳೆದುಕೊಂಡು ಬಂದು ಕೂರಿಸಿದಳು. ಅವಳ ಹೆಬ್ಬೆರಳನ್ನು, ಅತ್ತೆ ಒಂದು ಕಾಲಕ್ಕೆ ತನ್ನದನ್ನು ಒತ್ತಿಸಿದ ಹಾಗೆಯೇ, ಗಂಟಿನ ಮೇಲೆ ಒತ್ತಿಸಿದಳು. ಹೀಗೆ ಅಡ್ಡಕ್ಕೆ ಮೀಟಿ, ಮಿಸುಕಿದರೆ ತಿಳಿಯುತ್ತದೆ ಎಂದಳು. ಗಂಡನ ಮೈ ಮುಟ್ಟದೆ ಅಷ್ಟು ವರ್ಷ ಕಳೆದ ಹೆಂಗಸು ಕಣ್ಣು ಮುಚ್ಚಿ ಮೀಟಿದಳು.

"ಇಲ್ಲ ಕಣವ್ವ," ಎಂದಳು ಕೊನೆಗೆ. "ಏನೂ ಇಲ್ಲ. ತಣ್ಣಗದೆ." ಕೈ ಮಾತ್ರ ತೆಗೆಯಲಿಲ್ಲ. ಬೆರಳಿನಿಂದ ಆ ಗಂಟಿನ ಸುತ್ತ ಸವರುತ್ತ, "ಇಷ್ಟು ಗಟ್ಟಿ ಇತ್ತಾ ಇದು? ಇದನ್ನ ಇಟ್ಕಂಡು ಮಲಗ್ತಿತ್ತಾ ಈ ಜೀವ?" ಎಂದು ಗಳಗಳ ಅತ್ತಳು.

ಕೆಂಪಾಜಮ್ಮ ಬಸವರಾಜುವಿನ ಕಡೆ ತಿರುಗಿ, "ಕಳ್ಸಿ," ಎಂದಳು.

ಅವಳೇ ಎಣ್ಣೆ ಹಚ್ಚಿ, ನೀವಿ, ಕೀಲು ಸಡಿಲಿಸಿ ಕೂರಿಸಿದಳು. ಮಂಡಿ ಲಟಕ್ ಎನ್ನದ ಹಾಗೆ ಜೋಪಾನ ಮಾಡಿದಳು. ಎಡ ಅಂಗೈ ಈ ಸಲ ಸುಲಭವಾಗಿ ಬಿಚ್ಚಿಕೊಂಡು ಲಿಂಗ ಹಿಡಿಯಿತು. ಬಾಳೆದಿಂಡು ಕೂತಿದ್ದ ಜಾಗದ ಪಕ್ಕದಲ್ಲೇ ಗುಂಡಿ ತೆಗೆದರು.

ಮನೆಗೆ ಬಂದು ಸೀಗೆಯಲ್ಲಿ ಕೈ ತೊಳೆದಳು, ಲಕ್ಕಿ ಗಿಡಕ್ಕೆ ಅಂಗೈ ಒರೆಸಿದಳು. ಹೆಬ್ಬೆರಳು ಅದುರುತ್ತಲೇ ಇತ್ತು. ಜಗುಲಿಯಲ್ಲಿ ಕೂತು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಊರಾಚೆಯಿಂದ ಶಂಖ ಜಾಗಟೆ ಕೇಳುತ್ತಿತ್ತು. ಇಳಿಬಿಸಿಲಿನಲ್ಲಿ ಅದು ಸುಮ್ಮನಾಯಿತು. ಸುಮ್ಮನಾಯಿತೆಂದರೆ ಮಣ್ಣೆಳೆಯುತ್ತಿದ್ದಾರೆ ಎಂದು ಅರ್ಥ. ಅವಳು ಬೆರಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಅದು ಜೋರಾಗಿ ಅದುರಿತು. ಆಮೇಲೆ ನಿಂತಿತು.

ಮತ್ತೆ ಅದುರಲಿಲ್ಲ. ಮಾರನೆಯ ದಿನ ಅಕ್ಕಿಯ ಕಲ್ಲು ಸಲೀಸಾಗಿ ಬೆರಳಿಗೆ ಸಿಕ್ಕಿತು. ಕೆಂಪಾಜವ್ವನ ಕೈ ವಾಸಿಯಾಯಿತಂತೆ ಎಂದು, ಬೆರಳು ಅದುರುವ ಸುದ್ದಿ ಕೇಳಿ ಹಿಂಜರಿದಿದ್ದ ಊರವರು ಸೊಂಟ ಹಿಡಿದುಕೊಂಡು ಮತ್ತೆ ಬರತೊಡಗಿದರು. ಅವಳು ಲಕ್ಕಿ ಸೊಪ್ಪು ಕೊಟ್ಟಳು, ಹರಳೆಣ್ಣೆ ಕೊಟ್ಟಳು, ಎಲ್ಲಿ ಒತ್ತಬೇಕು ಎಂದು ಮನೆಯವರಿಗೆ ಹೇಳಿಕೊಟ್ಟಳು. ಯಾರ ಬೆನ್ನಿನ ಮೇಲೂ ತನ್ನ ಹೆಬ್ಬೆರಳಿಡಲಿಲ್ಲ.

ಸೋಮವಾರ ಮಾತ್ರ ಜಗುಲಿಗೆ ಸಾಕಮ್ಮ ಬರುತ್ತಿದ್ದಳು. ಗಂಡ ಕೂರುತ್ತಿದ್ದ ಕಡೆಯೇ ಕೂತು, ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದಳು.

"ನಾನು ಸರಿಯಾಗಿ ನೋಡಿದ್ನಾ ಕೆಂಪಾಜವ್ವ?"

"ಸರಿಯಾಗೇ ನೋಡಿದ್ರಿ ಕಣ್ರವ್ವ," ಎನ್ನುತ್ತಿದ್ದಳು ಕೆಂಪಾಜಮ್ಮ, ಅಲುಗದ ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು.